ತಿಥಿಯ ಊಟಕ್ಕೆ ಮುಂಚೆ ಬರೆದಿಟ್ಟುಕೊಳ್ಳಬೇಕಾದದ್ದು

ಹಳೇ ಮೈಸೂರು ಸೀಮೆಯ ಯಾವ ಊರಿನ ಬಸ್ ನಿಲ್ದಾಣದಲ್ಲಿ ಇಳಿದರೂ ಒಂದಾದರೂ ಶ್ರದ್ಧಾಂಜಲಿ ಫ್ಲೆಕ್ಸ್ ಕಣ್ಣಿಗೆ ಬೀಳುತ್ತದೆ. ನೀಲಿ ಆಕಾಶ, ಬಿಳಿ ಮೋಡ, ನಡುವೆ ಆಧಾರ್ ಕಾರ್ಡಿನಿಂದ ಹಿಗ್ಗಿಸಿದ ಮುಖ, ಕೆಳಗೆ ‘ಮತ್ತೆ ಹುಟ್ಟಿ ಬನ್ನಿ’. ಅದಕ್ಕೂ ಕೆಳಗೆ ಫ್ಲೆಕ್ಸ್ ಹಾಕಿಸಿದವರ ಸಾಲು ಸಾಲು ಮುಖಗಳು. ತೀರಿಕೊಂಡವರ ಬಗ್ಗೆ ಅದರಲ್ಲಿರುವ ಸುದ್ದಿ ಹೆಸರು ಮತ್ತು ಎರಡು ತಾರೀಕು, ಅಷ್ಟೇ. ಅದರಲ್ಲೂ ಹುಟ್ಟಿದ ತಾರೀಕು ಬಹಳ ಸಲ ಅಂದಾಜಿನದು. ತಿಂಗಳು ಕಳೆಯುವಷ್ಟರಲ್ಲಿ ಫ್ಲೆಕ್ಸ್ ಯಾರದೋ ಬಣವೆಯ ಮೇಲೆ ಹೊದಿಕೆಯಾಗಿರುತ್ತದೆ. ಅದರಲ್ಲಿ ತಪ್ಪೇನಿಲ್ಲ, ಗಟ್ಟಿ ಪ್ಲಾಸ್ಟಿಕ್ಕು, ಮಳೆಗೆ ಆಗುತ್ತದೆ.

ನುಡಿನಮನದ ಸಭೆ ಇಟ್ಟರೂ ಇದೇ ಕಥೆ. ಕೊಡುಗೈ ದಾನಿ, ಅಜಾತಶತ್ರು, ಸರಳ ಸಜ್ಜನ, ತುಂಬಲಾರದ ನಷ್ಟ. ಈ ನಾಲ್ಕು ಮಾತು ಊರಿನಲ್ಲಿ ಸತ್ತ ಎಲ್ಲರಿಗೂ ಹೊಂದುತ್ತವೆ, ಹಾಗಾಗಿ ಯಾರಿಗೂ ಹೊಂದುವುದಿಲ್ಲ. ಹಳ್ಳಿಯಲ್ಲಿ ಒಬ್ಬರ ಬದುಕು ಎಂದರೆ ಅವರು ಮಾಡುತ್ತಿದ್ದ ಕೆಲಸ, ಆ ಕೆಲಸದ ಮೇಲೆ ಬೇರೆಯವರು ಎಷ್ಟು ಆತುಕೊಂಡಿದ್ದರು ಅನ್ನುವುದು. ಗುಣಗಾನವನ್ನು ಯಾವಾಗ ಬೇಕಾದರೂ ಬರೆಯಬಹುದು. ಕೆಲಸದ ವಿವರವನ್ನು ಮಾತ್ರ ಜನ ಸೇರಿದ್ದಾಗಲೇ ಕೇಳಿ ಬರೆದುಕೊಳ್ಳಬೇಕು, ಮತ್ತು ಊರಿನಲ್ಲಿ ಅಂಥ ಜನ ಒಟ್ಟಿಗೆ ಸೇರುವುದು ಸಾವಿನ ಮನೆಯಲ್ಲಿ.

ನಮ್ಮ ಕಡೆ ಬಹುಪಾಲು ಮನೆಗಳಲ್ಲಿ ಮೂರನೇ ದಿನ ಹಾಲುತುಪ್ಪ, ಹನ್ನೊಂದಕ್ಕೆ ತಿಥಿ. ಕೆಲವರಲ್ಲಿ ಐದು, ಒಂಬತ್ತು, ಹದಿಮೂರು. ಮುಸ್ಲಿಮರ ಮನೆಯಲ್ಲಿ ಮೂರನೆಯ ದಿನ ಮತ್ತು ನಲವತ್ತನೆಯ ದಿನ, ಕ್ರೈಸ್ತರಲ್ಲಿ ನವೆಂಬರ್ 2ರ ಸಕಲ ಆತ್ಮಗಳ ದಿನ. ಲೆಕ್ಕ ಯಾವುದಾದರೂ ಆಗಲಿ, ಹಾಲುತುಪ್ಪಕ್ಕೆ ಮುಂಚೆ ಏನೂ ಕೇಳಬಾರದು. ತಿಥಿಯ ದಿನವೂ ಆಗುವುದಿಲ್ಲ, ಅವತ್ತು ಅಡುಗೆ, ಎಲೆ, ಶಾಮಿಯಾನ, ಬಂದವರ ಉಪಚಾರದಲ್ಲೇ ಮನೆಯವರು ಹೈರಾಣ. ಸರಿಯಾದ ಹೊತ್ತು ನಾಲ್ಕರಿಂದ ಒಂಬತ್ತನೇ ದಿನದ ನಡುವಿನ ಮಧ್ಯಾಹ್ನ. ಹೆಣ್ಣುಮಕ್ಕಳು ಇನ್ನೂ ತವರಿನಲ್ಲೇ ಇರುತ್ತಾರೆ. ದೂರದ ತಂಗಿ, ಸೋದರತ್ತೆ, ಮುಂಬೈಗೋ ಬೆಂಗಳೂರಿಗೋ ಹೋದ ಮೈದುನ ಜಗುಲಿಯ ಮೇಲೆ ಕೆಲಸವಿಲ್ಲದೆ ಕೂತಿರುತ್ತಾರೆ. ಸತ್ತವರ ಮಾತು ತಾನಾಗಿಯೇ ಬರುತ್ತದೆ, ಎಳೆದು ತರಬೇಕಿಲ್ಲ.

ಯಾರನ್ನು ಕೇಳಬೇಕು? ಹಿರಿಮಗನನ್ನಂತೂ ಮೊದಲು ಕೇಳಬೇಡಿ. ಅವನ ತಲೆಯಲ್ಲಿ ಖರ್ಚಿನ ಲೆಕ್ಕ ಓಡುತ್ತಿರುತ್ತದೆ, ಜೊತೆಗೆ ಅಪ್ಪನನ್ನು ದೊಡ್ಡವರನ್ನಾಗಿ ತೋರಿಸಬೇಕೆಂಬ ಹಟ ಬೇರೆ. ಹೊಲದ ಬದುವಿನ ಆಚೆಯವರನ್ನು ಕೇಳಿ, ನಲವತ್ತು ವರ್ಷ ಬೇಲಿಯ ಮೇಲಿಂದ ನೋಡಿದವರು ಅವರು. ಜೊತೆಯಲ್ಲಿ ಕೂಲಿಗೆ ಹೋದವರು, ಒಟ್ಟಿಗೆ ನಾಟಿ ಹಾಕಿದ ಹೆಂಗಸರು, ಎತ್ತು ಮಾರಲು ಸಂತೆಗೆ ಜೊತೆಯಾಗಿ ನಡೆದವರು ಇನ್ನೂ ಒಳ್ಳೆಯದು. ಇಬ್ಬರನ್ನು ಒಟ್ಟಿಗೆ ಕೂರಿಸಿಕೊಂಡರೆ ಒಬ್ಬರು ಹೇಳಿದ್ದನ್ನು ಇನ್ನೊಬ್ಬರು ತಿದ್ದುತ್ತಾರೆ. ‘ಅದು ಹಂಗಲ್ಲ ಕಣಕ್ಕ’ ಎಂದು ಶುರುವಾಗುವ ಮಾತಿನಲ್ಲೇ ಬೇಕಾದದ್ದೆಲ್ಲ ಇರುತ್ತದೆ.

ಕೇಳುವ ರೀತಿಯಲ್ಲೇ ಅರ್ಧ ಕೆಲಸವಿದೆ. ‘ಅವರು ಹೇಗಿದ್ದರು?’ ಎಂದರೆ ‘ದೇವರಂಥೋರು’ ಎಂಬ ಉತ್ತರ ಬರುತ್ತದೆ, ಅಲ್ಲಿಗೆ ಮುಗಿಯಿತು. ‘ಅವರೇಕಾಯಿ ಬೀಜ ಹೆಂಗೆ ಎತ್ತಿಡ್ತಿದ್ರಮ್ಮ?’ ಎಂದು ಕೇಳಿ. ಯಾವ ಗಿಡದ ಕಾಯನ್ನು ಬೀಜಕ್ಕೆ ಬಿಡುತ್ತಿದ್ದರು, ಎಷ್ಟು ಬಿಸಿಲು ಕಾಯಿಸುತ್ತಿದ್ದರು, ಬೂದಿ ಬೆರೆಸುತ್ತಿದ್ದರೋ ಬೇವಿನ ಸೊಪ್ಪು ಹಾಕುತ್ತಿದ್ದರೋ, ಗುಡಾಣದಲ್ಲೋ ವಾಡೆಯಲ್ಲೋ, ಬಾಯಿಗೆ ಸಗಣಿ ಮೆತ್ತುತ್ತಿದ್ದರೋ, ಹುಳ ಬಿದ್ದ ವರ್ಷ ಯಾರ ಮನೆಯಿಂದ ಬೀಜ ಕಡ ತಂದರು. ಐದು ನಿಮಿಷದಲ್ಲಿ ಅಡುಗೆಮನೆಯಿಂದ ಇನ್ನೊಬ್ಬರು ಎದ್ದು ಬಂದು ಮಾತಿಗೆ ಸೇರುತ್ತಾರೆ. ಸಾಧ್ಯವಾದರೆ ಸತ್ತವರು ಬಳಸುತ್ತಿದ್ದ ಕುಡುಗೋಲು, ಒನಕೆ, ಉಳಿ ಏನಾದರೂ ಎದುರಿಗಿಟ್ಟುಕೊಂಡು ಕೇಳಿ. ಕೈಗೆ ವಸ್ತು ಬಂದರೆ ನೆನಪಿಗೆ ವಿವರ ಬರುತ್ತದೆ.

ಒಂದು ಉದಾಹರಣೆ ನೋಡೋಣ. ಕೆರೆಯ ನೀರುಗಂಟಿ, ಅಂದರೆ ಗದ್ದೆಗಳಿಗೆ ನೀರು ಬಿಡುವವರು, ಒಬ್ಬರು ತೀರಿಕೊಂಡರು ಅನ್ನಿ. ‘ಊರಿನ ಕೆರೆಯನ್ನು ಹಲವು ವರ್ಷ ನಿಷ್ಠೆಯಿಂದ ಕಾಯ್ದರು’ ಎಂದು ಬರೆದರೆ ಏನೂ ಬರೆದಂತಾಗಲಿಲ್ಲ. ತೂಬನ್ನು ಯಾವ ಮಳೆಯ ಹೊತ್ತಿಗೆ ಎತ್ತುತ್ತಿದ್ದರು, ಎಷ್ಟು ಎತ್ತಿದರೆ ಕಾಲುವೆ ಕೊಚ್ಚದೆ ನೀರು ಹೋಗುತ್ತಿತ್ತು? ಅಚ್ಚುಕಟ್ಟಿನಲ್ಲಿ ನೀರು ಮೊದಲು ತೂಬಿನ ಬುಡದ ಗದ್ದೆಗೋ, ಕೊನೆಯ ಗದ್ದೆಗೋ? ರಾತ್ರಿ ಪಾಳಿ ಯಾರದು, ಮಡೆ ತಿರುಗಿಸಿ ನೀರು ಕದ್ದವರನ್ನು ಹೇಗೆ ಹಿಡಿಯುತ್ತಿದ್ದರು, ಹಿಡಿದ ಮೇಲೆ ಏನು ಮಾಡುತ್ತಿದ್ದರು? ಕೆರೆ ಅರ್ಧವೇ ತುಂಬಿದ ವರ್ಷ ಯಾರ ಗದ್ದೆಗೆ ನೀರು ನಿಲ್ಲಿಸಬೇಕೆಂದು ತೀರ್ಮಾನವಾದದ್ದು ಯಾರ ಜಗುಲಿಯಲ್ಲಿ? ಏರಿಯಲ್ಲಿ ಹೆಗ್ಗಣ, ಏಡಿ ಬಿಲ ತೋಡಿ ನೀರು ಜಿನುಗುವ ಜಾಗ ಯಾವುದು? ಆ ಕೊನೆಯ ಸಂಗತಿ ಇವತ್ತಿಗೂ ಬೇಕು. ಜಿನುಗುವ ಜಾಗ ಗೊತ್ತಿದ್ದವರು ಹೋದ ಮೇಲೆ ಕೆರೆ ಕೋಡಿ ಬಿದ್ದ ರಾತ್ರಿ ಊರಿನವರು ಲಾಟೀನು ಹಿಡಿದು ಏರಿಯುದ್ದಕ್ಕೂ ಹುಡುಕಬೇಕಾಗುತ್ತದೆ. ಕಣದಲ್ಲಿ ಅವರಿಗೆ ಸಲ್ಲುತ್ತಿದ್ದ ಆಯ, ಅಂದರೆ ಕೆಲಸಕ್ಕೆ ಕೊಡುವ ಧಾನ್ಯದ ಪಾಲು, ಎಷ್ಟು, ಯಾವ ವರ್ಷದಿಂದ ಅದು ನಿಂತಿತು, ನಿಲ್ಲಿಸಿದವರು ಯಾರು ಎಂಬುದನ್ನೂ ಬರೆಯಿರಿ. ಇಂಥ ಹತ್ತು ಉತ್ತರ ಸಿಕ್ಕರೆ ಮನುಷ್ಯ ತಾನಾಗಿ ಎದ್ದು ನಿಲ್ಲುತ್ತಾನೆ, ವಿಶೇಷಣ ಬೇಕಾಗುವುದಿಲ್ಲ.

ಹೀಗೆ ಬರೆದದ್ದು ಕೊನೆಗೆ ಹೀಗಿರಬಹುದು: ‘ಗದ್ದೆ ಇಲ್ಲದವರು. ಊರಿನ ಎಲ್ಲರ ಗದ್ದೆಗೂ ನೀರು ಬಿಟ್ಟರು. ನೀರನ್ನು ಕೊನೆಯ ಗದ್ದೆಯಿಂದ ಶುರು ಮಾಡುತ್ತಿದ್ದರು, ಮೇಲಿನವರು ಬೈಯುತ್ತಿದ್ದರು. ಬೋರ್‌ವೆಲ್ ಬಂದ ಮೇಲೆ ಆಯ ಕೊಡುವವರು ಕಡಿಮೆಯಾದರು. ಆಮೇಲೂ ಮುಂಗಾರಿನ ಮೊದಲ ಮಳೆಗೆ ಏರಿಯ ಮೇಲೆ ಒಂದು ಸುತ್ತು ಹೋಗಿ ಬರುತ್ತಿದ್ದರು. ಬಲಗಾಲಿನ ಹೆಬ್ಬೆರಳಿಗೆ ಗುದ್ದಲಿ ಬಿದ್ದು ಉಗುರು ಇರಲಿಲ್ಲ.’ ಆರು ವಾಕ್ಯ. ಇದನ್ನು ಬೇರೆ ಯಾರ ಫ್ಲೆಕ್ಸಿಗೂ ಅಂಟಿಸಲಾಗದು.

ಇನ್ನು ವಯಸ್ಸು. ಹಳಬರ ಆಧಾರ್‌ನಲ್ಲಿ ಜನವರಿ 1 ಎಂದಿದ್ದರೆ ಅದನ್ನು ನಂಬಬೇಡಿ, ತಾರೀಕು ಗೊತ್ತಿಲ್ಲದವರಿಗೆ ಹಾಗೆ ಹಾಕುವುದು ವಾಡಿಕೆ. ಶಾಲೆಗೆ ಹೋದವರಾದರೆ ದಾಖಲಾತಿ ಪುಸ್ತಕ ನೋಡಬಹುದು, ಆದರೆ ಅಲ್ಲೂ ಮೇಷ್ಟ್ರು ಕಿವಿ ಮುಟ್ಟಿಸಿ ನೋಡಿ ಬರೆದ ತಾರೀಕುಗಳೇ ಹೆಚ್ಚು. ಸಂವತ್ಸರದ ಹೆಸರು ಸಿಕ್ಕರೆ ಕೆಲಸ ಸಲೀಸು. 60 ವರ್ಷಕ್ಕೆ ಅದೇ ಹೆಸರು ತಿರುಗಿ ಬರುವುದರಿಂದ ತಪ್ಪುವ ಸಾಧ್ಯತೆ ಕಡಿಮೆ. ವಿಕಾರಿ ಎಂದರೆ 1959ರ ಯುಗಾದಿಯಿಂದ 1960ರ ಯುಗಾದಿವರೆಗೆ, ಮತ್ತೆ ಬಂದದ್ದು 2019ರಲ್ಲಿ. ಕ್ರೋಧಿ 1964, ವಿಶ್ವಾವಸು 1965. ಯುಗಾದಿಗೆ ಸಂವತ್ಸರ ಬದಲಾಗುವುದರಿಂದ ಜನವರಿಯಿಂದ ಮಾರ್ಚಿನವರೆಗೆ ಹುಟ್ಟಿದವರಿಗೆ ಒಂದು ವರ್ಷ ಮುಂದೆ ಎಣಿಸಬೇಕು, ಲೆಕ್ಕ ತಪ್ಪುವುದು ಇಲ್ಲೇ. ಸಂವತ್ಸರವೂ ಗೊತ್ತಿಲ್ಲದಿದ್ದರೆ ಘಟನೆ ಹಿಡಿಯಬೇಕು. ಗಾಂಧಿ ತೀರಿಕೊಂಡಾಗ (1948) ನಡೆಯುತ್ತಿದ್ದರೋ ಎದೆಹಾಲು ಕುಡಿಯುತ್ತಿದ್ದರೋ, ಮೈಸೂರು ರಾಜ್ಯಕ್ಕೆ ಕರ್ನಾಟಕ ಅಂತ ಹೆಸರಾದಾಗ (1973) ಮದುವೆಯಾಗಿತ್ತೋ ಇಲ್ಲವೋ, ಇಂದಿರಾ ಗಾಂಧಿ ಸತ್ತಾಗ (1984) ಎಷ್ಟನೇ ಮಗು ಹೊಟ್ಟೆಯಲ್ಲಿತ್ತು. ಹೆಂಗಸರಿಗೆ ರಾಜಕೀಯದ ವರ್ಷಕ್ಕಿಂತ ಹೆರಿಗೆಯ ವರ್ಷ ಚೆನ್ನಾಗಿ ನೆನಪಿರುತ್ತದೆ. ಮೊದಲ ಮಗುವಿನ ವಯಸ್ಸಿನಿಂದ ಹಿಂದಕ್ಕೆ ಎಣಿಸಿ. ಸಿಕ್ಕದ್ದು ಅಂದಾಜಾದರೆ ‘ಸುಮಾರು’ ಎಂದೇ ಬರೆಯಿರಿ.

ಅಂಕಿಯ ವಿಷಯದಲ್ಲಿ ದೊಡ್ಡವರ ಬಗ್ಗೆಯೂ ಗೊಂದಲ ಉಳಿದುಬಿಡುತ್ತದೆ. ಸಾಲುಮರದ ತಿಮ್ಮಕ್ಕ 2025ರ ನವೆಂಬರ್ 14ರಂದು ತೀರಿಕೊಂಡರು. ಹುಲಿಕಲ್ಲಿನಿಂದ ಕುದೂರಿನವರೆಗಿನ ರಸ್ತೆಯಲ್ಲಿ ಗಂಡ ಹೆಂಡತಿ ನೆಟ್ಟ ಆಲದ ಮರಗಳು ಕೆಲವು ಬರಹಗಳಲ್ಲಿ 284, ಕೆಲವುಗಳಲ್ಲಿ 385. ಮರಗಳು ಅಲ್ಲೇ ನಿಂತಿವೆ, ಎಣಿಸಬಹುದು. ಆದರೆ ಸಂಖ್ಯೆಗಿಂತ ಕೆಲಸದ ವಿಧಾನವೇ ದೊಡ್ಡದು ಅನ್ನಿಸುತ್ತದೆ. ಆಲದ ಸಸಿ ಕಸಿ ಮಾಡಿ ಬೆಳೆಸಿದ್ದು, ಬಿಂದಿಗೆಯಲ್ಲಿ ದೂರದವರೆಗೆ ನೀರು ಹೊತ್ತದ್ದು, ದನ ತಿನ್ನದಂತೆ ಮುಳ್ಳು ಕಟ್ಟಿದ್ದು, ಮಳೆಗಾಲದ ಹೊತ್ತಿಗೆ ನೆಟ್ಟದ್ದು. ಮಳವಳ್ಳಿ ತಾಲ್ಲೂಕು ದಾಸನದೊಡ್ಡಿಯ ಕಾಮೇಗೌಡರದೂ ಹಾಗೆಯೇ. ಕುರಿ ಮೇಯಿಸುತ್ತಾ ಕುಂದಿನಿಬೆಟ್ಟದಲ್ಲಿ ಕಟ್ಟೆ ತೋಡಿದವರು, 2022ರ ಅಕ್ಟೋಬರ್‌ನಲ್ಲಿ ಹೋದರು. ಕಟ್ಟೆ ಹದಿನಾಲ್ಕೋ ಹದಿನಾರೋ ಎಂಬ ಚರ್ಚೆಗಿಂತ ಆ ಬೆಟ್ಟದಲ್ಲಿ ಎಲ್ಲಿ ಅಗೆದರೆ ನೀರು ನಿಲ್ಲುತ್ತದೆ ಎಂದು ಕುರಿಯ ಹಿಂದೆ ನಡೆದವರಿಗೆ ಹೇಗೆ ತಿಳಿಯಿತು ಎಂಬುದು ಮುಂದಿನವರಿಗೆ ಬೇಕಾದ ವಿಷಯ.

ಅಂಕೋಲಾ ಹೊನ್ನಳ್ಳಿಯ ತುಳಸಿ ಗೌಡರು 2024ರ ಡಿಸೆಂಬರ್‌ನಲ್ಲಿ ಅಗಲಿದಾಗ ಎಲ್ಲರ ಮೊಬೈಲಿನಲ್ಲೂ ಒಂದೇ ಚಿತ್ರ ಓಡಾಡಿತು, ರಾಷ್ಟ್ರಪತಿ ಭವನದಲ್ಲಿ ಬರಿಗಾಲಲ್ಲಿ ಪದ್ಮಶ್ರೀ ತೆಗೆದುಕೊಂಡದ್ದು. ಚಿತ್ರ ಚೆನ್ನಾಗಿದೆ, ಸರಿ. ಆದರೆ ಅವರು ಅರಣ್ಯ ಇಲಾಖೆಯ ನರ್ಸರಿಯಲ್ಲಿ ದಶಕಗಳ ಕಾಲ ದಿನಗೂಲಿ ಮಾಡಿದವರು. ಯಾವ ಜಾತಿಗೆ ತಾಯಿಮರ ಯಾವುದು, ಅದರ ಬೀಜ ಯಾವಾಗ ಬಲಿಯುತ್ತದೆ, ಯಾವಾಗ ಆರಿಸಿದರೆ ಮೊಳೆಯುತ್ತದೆ ಎಂಬುದು ಅವರ ಕೈಯಲ್ಲಿದ್ದ ವಿದ್ಯೆ. ಬರಿಗಾಲು ಆ ಸೀಮೆಯಲ್ಲಿ ಎಷ್ಟೋ ಜನರದು, ಆ ಬೀಜದ ವಿದ್ಯೆ ಅವರದು. ಪ್ರಶಸ್ತಿಯ ಚಿತ್ರ ಸಿಕ್ಕ ಕೂಡಲೇ ಕೆಲಸದ ಪ್ರಶ್ನೆ ಕೇಳುವುದು ನಿಂತುಹೋಗುತ್ತದೆ. ಊರಿನ ಮಟ್ಟದಲ್ಲೂ ಗ್ರಾಮ ಪಂಚಾಯಿತಿ ಸದಸ್ಯರೋ ಸೊಸೈಟಿ ಅಧ್ಯಕ್ಷರೋ ಆಗಿದ್ದವರ ಬಗ್ಗೆ ಇದೇ ಆಗುವುದು. ಹುದ್ದೆ ಬರೆದು ಪೆನ್ನು ಮುಚ್ಚುತ್ತಾರೆ.

ಹೆಂಗಸರ ಬಗ್ಗೆ ಬರೆಯುವಾಗ ಹೆಸರಿನಿಂದಲೇ ತೊಡಕು ಶುರು. ಇಂಥವರ ಹೆಂಡತಿ, ಇಂಥವರ ತಾಯಿ, ಇಲ್ಲವೇ ತವರೂರಿನ ಹೆಸರು ಸೇರಿಸಿ ಕರೆದದ್ದು. ಮದುವೆಯಲ್ಲಿ ಹೆಸರು ಬದಲಾಯಿಸಿದ್ದರೆ ತವರಿನವರನ್ನೇ ಕೇಳಬೇಕು, ಅವರು ತಿಥಿಗೆ ಬಂದಾಗ ಕೇಳದಿದ್ದರೆ ಮತ್ತೆ ಸಿಗುವುದಿಲ್ಲ. ತಿಥಿಯ ಕಾರ್ಡನ್ನೇ ನೆಚ್ಚಿಕೊಳ್ಳಬೇಡಿ. ಎಷ್ಟೋ ಕಾರ್ಡುಗಳಲ್ಲಿ ಅಳಿಯಂದಿರ ಹೆಸರಿರುತ್ತದೆ, ಹೆಣ್ಣುಮಕ್ಕಳ ಹೆಸರು ಇರುವುದಿಲ್ಲ. ಚಿಕ್ಕಂದಿನಲ್ಲೇ ಸತ್ತ ಮಕ್ಕಳ ಹೆಸರು ಯಾವ ಕಾಗದದಲ್ಲೂ ಇರದು. ಅದನ್ನು ಕೇಳುವುದು ಕಷ್ಟ, ಆದರೆ ಹಿರಿಯ ತಂಗಿಯೊಬ್ಬರು ಇದ್ದರೆ ಮೆಲ್ಲಗೆ ಹೇಳುತ್ತಾರೆ.

ಊರಿನ ಸೂಲಗಿತ್ತಿ ತೀರಿಕೊಂಡಿದ್ದರೆ ಅದೊಂದು ಇಡೀ ದಿನದ ಕೆಲಸ. ಪಾವಗಡ ತಾಲ್ಲೂಕು ಕೃಷ್ಣಾಪುರದ ಸೂಲಗಿತ್ತಿ ನರಸಮ್ಮ 2018ರ ಡಿಸೆಂಬರ್ 25ರಂದು ಹೋದರು, ಹದಿನೈದು ಸಾವಿರಕ್ಕೂ ಹೆಚ್ಚು ಹೆರಿಗೆ ಮಾಡಿಸಿದವರೆಂದು ನಾಡಿಗೆಲ್ಲ ಗೊತ್ತಾಯಿತು. ಹಾಗೆ ಗೊತ್ತಾಗದೆ ಹೋದವರು ಹೋಬಳಿಗೆ ಒಬ್ಬರಾದರೂ ಇದ್ದರು. ಊರಿನಲ್ಲಿ ಅವರ ಕೈಯಲ್ಲಿ ಹುಟ್ಟಿದವರ ಪಟ್ಟಿ ಮಾಡಿ. ಮನೆ ಮನೆಗೆ ಹೋದರೆ ಒಂದೆರಡು ವಾರದಲ್ಲಿ ಆಗುತ್ತದೆ. ಹೊಕ್ಕುಳಬಳ್ಳಿ ಯಾವುದರಿಂದ ಕತ್ತರಿಸುತ್ತಿದ್ದರು, ಮಾಸು ಬೀಳದಿದ್ದರೆ ಏನು ಮಾಡುತ್ತಿದ್ದರು, ಯಾವ ಲಕ್ಷಣ ಕಂಡರೆ ‘ನನ್ನ ಕೈಲಾಗದು, ಆಸ್ಪತ್ರೆಗೆ ಗಾಡಿ ಕಟ್ಟಿ’ ಎನ್ನುತ್ತಿದ್ದರು, ಕೂಲಿ ಏನು. ಸತ್ತು ಹುಟ್ಟಿದ ಮಕ್ಕಳ, ಹೆರಿಗೆಯಲ್ಲಿ ಹೋದ ತಾಯಂದಿರ ಮಾತು ಬಂದರೆ ತಡೆಯಬೇಡಿ. ಆ ನೋವನ್ನೂ ಸೂಲಗಿತ್ತಿ ಹೊತ್ತಿದ್ದರು.

ಫೋನು, ಫೋಟೋ ಬಗ್ಗೆ ಒಂದಿಷ್ಟು. ಸತ್ತವರ ಮೊಬೈಲು ತಿಥಿ ಮುಗಿಯುವ ಮೊದಲೇ ಮೊಮ್ಮಗನ ಕೈಗೆ ಹೋಗಿ ರೀಸೆಟ್ ಆಗುವುದುಂಟು. ಅವರು ವಾಟ್ಸ್‌ಆ್ಯಪ್‌ನಲ್ಲಿ ಕಳಿಸಿದ ವಾಯ್ಸ್ ಮೆಸೇಜುಗಳು ಮಕ್ಕಳ ಫೋನಿನಲ್ಲೂ ಇರುತ್ತವೆ. ಅವನ್ನು ಅವತ್ತೇ ಒಂದು ಪೆನ್‌ಡ್ರೈವಿಗೆ ಹಾಕಿಕೊಳ್ಳಿ. ಓದು ಬರಹ ಬಾರದ ಅಜ್ಜಿಯರು ಟೈಪ್ ಮಾಡುತ್ತಿರಲಿಲ್ಲ, ಮಾತಾಡಿ ಕಳಿಸುತ್ತಿದ್ದರು, ಹಾಗಾಗಿ ಅವರ ದನಿಯೇ ಹೆಚ್ಚು ಸಿಗುತ್ತದೆ. ಮದುವೆ ವಿಡಿಯೋಗಳಲ್ಲೂ ಹುಡುಕಿ, ಎಲೆ ಹಾಕುವಾಗ, ಸೋಬಾನೆ ಹಾಡುವಾಗ ಕಾಣಿಸುತ್ತಾರೆ. ಈಗ ಮಾತಾಡುವವರನ್ನು ರೆಕಾರ್ಡ್ ಮಾಡುವಾಗ ಫೋನನ್ನು ಏರೋಪ್ಲೇನ್ ಮೋಡಿಗೆ ಹಾಕಿ, ಸಾವಿನ ಮನೆಯಲ್ಲಿ ನಿಮಿಷಕ್ಕೊಂದು ಕರೆ ಬಂದು ರೆಕಾರ್ಡಿಂಗ್ ತುಂಡಾಗುತ್ತದೆ. ಫ್ಯಾನಿನ ಕೆಳಗೆ ಬೇಡ, ಸ್ಟೀಲ್ ತಟ್ಟೆಯ ಮೇಲೆ ಇಡಬೇಡಿ. ಮೊದಲು ನಿಮ್ಮ ದನಿಯಲ್ಲಿ ತಾರೀಕು, ಊರು, ಮಾತಾಡುವವರ ಹೆಸರು ಹೇಳಿ. ಅವರ ಒಪ್ಪಿಗೆಯೂ ಅದರಲ್ಲೇ ದಾಖಲಾಗಲಿ.

ಗೋಡೆಯ ಕಪ್ಪು ಬಿಳುಪು ಫೋಟೋವನ್ನು ಚೌಕಟ್ಟಿನಿಂದ ಕೀಳುವ ಆತುರ ಬೇಡ. ಮಲೆನಾಡಿನಲ್ಲಂತೂ ತೇವಕ್ಕೆ ಚಿತ್ರ ಗಾಜಿಗೇ ಅಂಟಿರುತ್ತದೆ, ಎಳೆದರೆ ಮುಖ ಗಾಜಿನ ಮೇಲೆ ಉಳಿಯುತ್ತದೆ. ಗಾಜಿನ ಸಮೇತ ಬಾಗಿಲ ಬೆಳಕಿಗೆ ತಂದು, ನಿಮ್ಮ ಹಿಂದೆ ಕಪ್ಪು ಕಂಬಳಿ ಹಿಡಿಸಿ, ಫ್ಲಾಶ್ ಇಲ್ಲದೆ ತೆಗೆದರೆ ಪ್ರತಿಬಿಂಬ ಬೀಳದು. ಬಿಡಿ ಫೋಟೋದ ಹಿಂದೆ ಹೆಸರು ಬರೆಯುವುದಾದರೆ ಪೆನ್ಸಿಲ್ಲಿನಲ್ಲಿ, ಅಂಚಿನಲ್ಲಿ. ಬಾಲ್‌ಪೆನ್ನು ಒತ್ತಿದರೆ ಮುಂದೆ ಗೀರು ಮೂಡುತ್ತದೆ. ಸ್ಟುಡಿಯೋದವರು ಮುಖ ಬೆಳ್ಳಗೆ ಮಾಡಿ, ಕೋಟು ತೊಡಿಸಿ ಕೊಟ್ಟ ಚಿತ್ರಕ್ಕೆ ಹಾರ ಹಾಕಿ, ಬೇಸರವಿಲ್ಲ. ಬರಹದ ಜೊತೆಗೆ ಮಾತ್ರ ಟವಲು ಹೆಗಲ ಮೇಲಿರುವ ಚಿತ್ರವೇ ಇರಲಿ.

ಕಾಗದದ ಕೆಲಸ ಬೇರೆ. ಮರಣವನ್ನು 21 ದಿನದೊಳಗೆ ನೋಂದಾಯಿಸಬೇಕು. 1969ರ ಕಾಯ್ದೆಯ ಪ್ರಕಾರ ಅದು ದಾಟಿದರೆ ತಡದ ಶುಲ್ಕ, 30 ದಿನ ದಾಟಿದರೆ ಮೇಲಿನ ಅಧಿಕಾರಿಯ ಅನುಮತಿ, ವರ್ಷ ದಾಟಿದರೆ ಮ್ಯಾಜಿಸ್ಟ್ರೇಟರ ಆದೇಶದವರೆಗೂ ಅಲೆದಾಟ. ಹೆಸರಿನ ಕಾಗುಣಿತ ಪಹಣಿ, ಆಧಾರ್, ಬ್ಯಾಂಕ್ ಪುಸ್ತಕದಲ್ಲಿ ಒಂದೊಂದು ಥರ ಇದ್ದರೆ ಪೌತಿ ಖಾತೆಯ (ಸತ್ತವರ ಜಮೀನನ್ನು ವಾರಸುದಾರರ ಹೆಸರಿಗೆ ಮಾಡಿಸುವ) ಹೊತ್ತಿಗೆ ಕುತ್ತಿಗೆಗೆ ಬರುತ್ತದೆ, ಅರ್ಜಿ ತುಂಬುವಾಗಲೇ ನೋಡಿಕೊಳ್ಳಿ. ತಮಾಷೆಯೆಂದರೆ ಮರಣ ವರದಿಯ ನಮೂನೆಯಲ್ಲಿ ಸತ್ತವರ ಕಸುಬು, ಎಷ್ಟು ವರ್ಷ ಬೀಡಿ ಸೇದುತ್ತಿದ್ದರು, ಎಷ್ಟು ವರ್ಷ ಹೊಗೆಸೊಪ್ಪು ಅಡಿಕೆ ಅಗಿಯುತ್ತಿದ್ದರು, ಕುಡಿಯುತ್ತಿದ್ದರೋ ಎಂದೆಲ್ಲ ಕೇಳುತ್ತಾರೆ. ಆ ಭಾಗ ಅಂಕಿಅಂಶಕ್ಕೆಂದು ಹೋಗುತ್ತದೆ, ಮನೆಗೆ ಬರುವ ಪ್ರಮಾಣಪತ್ರದಲ್ಲಿ ಇರುವುದಿಲ್ಲ. ಸರ್ಕಾರಕ್ಕೆ ಗೊತ್ತಿರುವಷ್ಟು ಎಲೆಅಡಿಕೆಯ ಸಂಗತಿ ಮೊಮ್ಮಕ್ಕಳಿಗೂ ಗೊತ್ತಿರಲಿ.

ಈ ಬರಹವನ್ನು ವಂಶವೃಕ್ಷದ ಕಾಗದದ ಜೊತೆ ಬೆರೆಸಬಾರದು. ಯಾವ ಸರ್ವೆ ನಂಬರಿನ ಜಮೀನನ್ನು ಯಾರು ಉಳುತ್ತಿದ್ದರು, ಯಾರು ಯಾರಿಗೆ ಬಿಟ್ಟುಕೊಟ್ಟರು ಎಂದು ನೀವು ಒಳ್ಳೆಯ ಮನಸ್ಸಿನಿಂದ ಬರೆದದ್ದು ನಾಳೆ ದಾವಾದಲ್ಲಿ ಯಾರದೋ ವಕೀಲರ ಕೈಗೆ ಸಿಗಬಹುದು. ‘ಕೆರೆ ಕೆಳಗಿನ ಗದ್ದೆ’ ಎಂದರೆ ಸಾಕು. ನೀವು ಈ ಬಗ್ಗೆ ಕೇಳುತ್ತಿಲ್ಲವೆಂದು ಮನೆಯವರಿಗೆ ಮೊದಲೇ ಹೇಳಿದರೆ ಅವರ ಬಿಗುವೂ ಸಡಿಲವಾಗುತ್ತದೆ.

ಸಾಲ, ಕುಡಿತ, ಜಗಳ ಬಿಟ್ಟುಬಿಡಬೇಕೇ? ಬದುಕಿರುವವರಿಗೆ ಕುತ್ತು ತರುವುದನ್ನು ಬಿಡಬೇಕು, ಉಳಿದದ್ದನ್ನು ಮನೆಯವರಿಗೆ ಓದಿ ತೋರಿಸಿ ಇಡಬಹುದು. ಆತ್ಮಹತ್ಯೆ ಮಾಡಿಕೊಂಡ ರೈತರ ವಿಷಯದಲ್ಲಿ ಮಾತ್ರ ನನ್ನದು ಗಟ್ಟಿ ಅಭಿಪ್ರಾಯ. ಪರಿಹಾರದ 5 ಲಕ್ಷಕ್ಕಾಗಿ ಅವರ ಬದುಕೆಲ್ಲ ಸಾಲದ ಪಟ್ಟಿಯಾಗಿ, ಪೊಲೀಸ್ ವರದಿಯಾಗಿ, ಸಮಿತಿಯ ಮುಂದಿನ ಕಡತವಾಗಿ ಉಳಿಯುತ್ತದೆ. ಆ ಮನೆಗೆ ಹೋದಾಗ ಹೇಗಾಯಿತೆಂದು ಕೇಳಬೇಡಿ, ಹೇಗೆಂದು ಬರೆಯಲೂ ಬೇಡಿ. ಯಾವ ಬೆಳೆಯಲ್ಲಿ ಕೈ ಪಳಗಿತ್ತು, ಯಾವ ಎತ್ತು ಸಾಕಿದ್ದರು, ಯಾರ ಬೋರಿನ ಮೋಟರು ಕೆಟ್ಟರೆ ಇವರನ್ನು ಕರೆಯುತ್ತಿದ್ದರು ಎಂದು ಕೇಳಿ.

ಇಷ್ಟೆಲ್ಲ ಮಾಡುವಾಗ ಊರಿನ ಒಂದು ಭಾಗವನ್ನು ಬಿಟ್ಟು ಬರೆಯುವ ಅಭ್ಯಾಸ ನಮ್ಮದು. ಫೋನಿಲ್ಲದ ಕಾಲದಲ್ಲಿ ಸಾವಿನ ಸುದ್ದಿ ಹೊತ್ತು ರಾತ್ರೋರಾತ್ರಿ ನೆಂಟರ ಊರುಗಳಿಗೆ ನಡೆದವರು, ಗುಂಡಿ ತೋಡಿದವರು, ಹೆಣದ ಮುಂದೆ ತಮಟೆ ಬಡಿದವರು ಬಹುಪಾಲು ದಲಿತ ಕೇರಿಯವರು. ಊರಿನ ನೂರಾರು ಸಾವುಗಳಿಗೆ ದುಡಿದವರು ಸತ್ತಾಗ ನುಡಿನಮನ ಇಟ್ಟವರು ಎಷ್ಟು ಜನ? ಕೆಲವು ಊರುಗಳಲ್ಲಿ ಅವರಿಗೆ ಹೂಳಲು ಸರಿಯಾದ ಜಾಗವೂ ಇರಲಿಲ್ಲ. ಗುಂಡಿಗೆ ಎಷ್ಟು ಆಳ, ಬಂಡೆ ಸಿಕ್ಕರೆ ಏನು ಮಾಡುತ್ತಿದ್ದರು, ಮಳೆಗಾಲದಲ್ಲಿ ನೀರು ತುಂಬಿದರೆ ಹೇಗೆ, ಎಷ್ಟು ಜನ ಎಷ್ಟು ಹೊತ್ತು, ಕೊಡುತ್ತಿದ್ದದ್ದು ಏನು, ಕೊಡುವಾಗ ಕೈಗೆ ಕೊಡುತ್ತಿದ್ದರೋ ನೆಲಕ್ಕೆ ಹಾಕುತ್ತಿದ್ದರೋ. ಕೊನೆಯ ಪ್ರಶ್ನೆಯ ಉತ್ತರ ಊರಿನ ಹಿರಿಯರಿಗೆ ಇಷ್ಟವಾಗದೇ ಹೋಗಬಹುದು. ಬರೆಯಲೇಬೇಕು.

ನಮ್ಮ ಸೀಮೆಗೆ ಹೀಗೆ ಬರೆದಿಡುವುದು ಹೊಸತೇನಲ್ಲ. ಬೇಲಿಯ ಮೂಲೆಯಲ್ಲಿ ಅರ್ಧ ಹೂತ ವೀರಗಲ್ಲನ್ನು ತೊಳೆದು ನೋಡಿ. ಕೆಳಗಿನ ಪಟ್ಟಿಕೆಯಲ್ಲಿ ಹೋರಾಟ, ನಡುವೆ ಅಪ್ಸರೆಯರು ಕೊಂಡೊಯ್ಯುವುದು, ಮೇಲೆ ಲಿಂಗದ ಎದುರು ಕೂತದ್ದು. ಬರಹ ಇದ್ದರೆ ಯಾವ ಊರಿನ ತುರು ಹಿಡಿದಾಗ, ಯಾರ ಜೊತೆ ಕಾದಿ ಸತ್ತ ಎಂದಿರುತ್ತದೆ. ಮದ್ದೂರು ತಾಲ್ಲೂಕಿನ ಆತಕೂರಿನಲ್ಲಿ ಸಿಕ್ಕ, ಸುಮಾರು 950ರ ಶಾಸನದಲ್ಲಿ ಹಂದಿಯ ಜೊತೆ ಹೋರಾಡಿ ಸತ್ತ ಕಾಳಿ ಎಂಬ ನಾಯಿಯ ಹೆಸರೂ ಇದೆ. ಆ ಕಲ್ಲು ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ಸಾವಿರ ವರ್ಷದ ಹಿಂದೆ ನಾಯಿಗೆ ಸಿಕ್ಕಷ್ಟು ವಿವರ ಇವತ್ತಿನ ಫ್ಲೆಕ್ಸಿನಲ್ಲಿ ಮನುಷ್ಯರಿಗೆ ಸಿಗುತ್ತಿಲ್ಲ.

ಬರೆದದ್ದು ಒಬ್ಬರಿಗೆ ಎರಡು ಪುಟ ದಾಟಬೇಕಿಲ್ಲ. ಗಟ್ಟಿ ರಟ್ಟಿನ ಉದ್ದನೆಯ ಲೆಡ್ಜರ್ ಪುಸ್ತಕ ಸಾಕು, ಎಡಪುಟದಲ್ಲಿ ಬರಹ, ಬಲಪುಟ ಖಾಲಿ. ತಿಥಿಯ ದಿನ ಓದುವುದಾದರೆ ಎಡೆ ಇಟ್ಟ ಮೇಲೆ, ಊಟಕ್ಕೆ ಎಲೆ ಹಾಕುವ ಮುಂಚೆ, ಐದು ನಿಮಿಷ ಮೀರದಂತೆ. ಎಲೆ ಬಿದ್ದ ಮೇಲೆ ಯಾರೂ ಕೇಳುವುದಿಲ್ಲ. ಮೂಲ ಪುಸ್ತಕ ಒಂದೇ ಮನೆಯಲ್ಲಿ ಇರುವುದು ಬೇಡ, ಒಂದು ಜೆರಾಕ್ಸ್ ಪ್ರತಿ ಶಾಲೆಗೆ, ಇನ್ನೊಂದು ಗ್ರಾಮ ಪಂಚಾಯಿತಿ ಗ್ರಂಥಾಲಯಕ್ಕೆ. ಜೆರಾಕ್ಸ್ ಅಕ್ಷರ ಪ್ಲಾಸ್ಟಿಕ್ ಹಾಳೆಗೆ ಅಂಟಿಕೊಳ್ಳುವುದರಿಂದ ಪ್ಲಾಸ್ಟಿಕ್ ಫೋಲ್ಡರ್ ಬದಲು ಕಾಗದದ ಕಡತದಲ್ಲಿಡಿ. ಮಹಾಲಯ ಅಮಾವಾಸ್ಯೆಗೆ ಹೊರಗಿನವರೆಲ್ಲ ಊರಿಗೆ ಬರುತ್ತಾರೆ, ಆಗ ಪುಸ್ತಕವನ್ನು ಜಗುಲಿಗೆ ತಂದಿಟ್ಟು ಪಕ್ಕದಲ್ಲಿ ಪೆನ್ನು ಕಟ್ಟಿಡಿ. ತಿದ್ದುಪಡಿ ಹೇಳುವವರು ಎಡಪುಟದ ಮೇಲೆ ಗೀಚದೆ ಬಲಪುಟದಲ್ಲಿ ಬರೆದು ಕೆಳಗೆ ತಮ್ಮ ಹೆಸರು, ತಾರೀಕು ಹಾಕಲಿ. ಓದು ಬಾರದವರು ಹೇಳಿದ್ದನ್ನು ಹತ್ತನೇ ಕ್ಲಾಸಿನ ಯಾವ ಹುಡುಗಿಯಾದರೂ ಬರೆದುಕೊಡುತ್ತಾಳೆ.